ಬಾವುಟಕ್ಕೊಂದು ದಳ ಕಟ್ಟಿದ ಹುಬ್ಬಳ್ಳಿ ಡಾಕ್ಟರ್

ಅಮೆರಿಕದಲ್ಲಿ ಓದಿ ಬಂದ ಡಾ. ನಾ.ಸು. ಹರ್ಡೀಕರ್ ದವಾಖಾನೆ ಇಟ್ಟುಕೊಂಡು ಆರಾಮ ಇರಬಹುದಿತ್ತು. ಆದರೆ 1923ರಲ್ಲಿ ಹುಬ್ಬಳ್ಳಿ ಹುಡುಗರನ್ನು ಕಟ್ಟಿಕೊಂಡು ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿ ಜೈಲು ಸೇರಿದರು. ಒಳಗಿನ ಕಾಟ ತಾಳದೆ ಎಷ್ಟೋ ಮಂದಿ ಮಾಫಿ ಬರೆದುಕೊಟ್ಟರು, ಹುಬ್ಬಳ್ಳಿಯವರು ಕೊಡಲಿಲ್ಲ. ಬಾವುಟ ಹಿಡಿಯೋಕೆ ಬರೀ ಹುರುಪು ಸಾಲದು, ತಾಲೀಮು ಬೇಕು ಅನ್ನೋದು ಅವರಿಗೆ ಅಲ್ಲೇ ಖಾತ್ರಿಯಾಯಿತು.

ಅದೇ ವರ್ಷ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕವಾಯತು ಕಂಡು ಇದೇನು ಫೌಜೇ ಎಂದು ಕಾಂಗ್ರೆಸ್ಸಿನೊಳಗೇ ಕೆಲವರು ಮುಖ ಸಿಂಡರಿಸಿದರು. ಮಿಲ್ ಬಟ್ಟೆ ಅಗ್ಗವಿದ್ದರೂ ದಳದ ಸಮವಸ್ತ್ರ ಖಾದಿಯದ್ದೇ. ತಿಂಗಳ ಕೊನೆಯ ರವಿವಾರ ಬೆಳಗ್ಗೆ 8ಕ್ಕೆ ಊರೂರಲ್ಲಿ ಬಾವುಟ ಏರಿಸುವ ಪದ್ಧತಿ ಹಾಕಿಕೊಟ್ಟದ್ದೂ ಈ ದಳವೇ.

1932ರಲ್ಲಿ ಸರ್ಕಾರ ದಳವನ್ನೇ ನಿಷೇಧಿಸಿತು. ಹರ್ಡೀಕರ್ ತೀರಿಕೊಂಡದ್ದು 1975ರಲ್ಲಿ.