ಕರಾಟೆ ಕಿಂಗ್ ತೋರಿಸಿದ ಮಾಲ್ಗುಡಿ

ತಳೇಗಾಂವ ದಾಭಾಡೆಯಲ್ಲಿ ಬೆಳೆಯುತ್ತಿರುವ ನನ್ನ ಮಗಳಿಗೆ ಶಾಲೆಯಲ್ಲಿ ಮರಾಠಿ, ಆಟದಲ್ಲಿ ಹಿಂದಿ. ಕನ್ನಡ ಮನೆಯೊಳಗೆ ಮಾತ್ರ. ವಾರಕ್ಕೆರಡು ದಿನ ಕರಾಟೆ ಕ್ಲಾಸ್ ಬೇರೆ. ನಮ್ಮಲ್ಲೂ ಒಬ್ಬ ಕರಾಟೆ ಕಿಂಗ್ ಇದ್ದರು ಅಂದಾಗ ಅವಳಿಗೆ ಆಶ್ಚರ್ಯ. ನಾನೂ ಶಂಕರ್ ನಾಗ್ ಅವರನ್ನು ಕಂಡದ್ದು ಟೀವಿಯ ಮರುಪ್ರಸಾರಗಳಲ್ಲೇ.

ಹೊನ್ನಾವರದ ಹತ್ತಿರದ ಮಲ್ಲಾಪುರದಲ್ಲಿ 1954ರ ನವೆಂಬರ್ 9ರಂದು ಹುಟ್ಟಿದ ಶಂಕರ್, ಮುಂಬೈಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಪುಣೆಯವರಾದ ನಮಗೆ ಇಲ್ಲೊಂದು ನಂಟಿದೆ. ಚಾಪೇಕರ್ ಸಹೋದರರು ಗಣೇಶಖಿಂಡ್ ರಸ್ತೆಯಲ್ಲಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ ಕಥೆಯ ಮರಾಠಿ ಚಿತ್ರ '22 ಜೂನ್ 1897'. ಅದರ ಚಿತ್ರಕಥೆಯಲ್ಲಿ ಶಂಕರ್ ಕೈಯಿತ್ತು. ನಮ್ಮ ಲೋಕಲ್ ರೈಲು ದಿನಾ ನಿಲ್ಲುವ ಚಿಂಚವಡವೇ ಆ ಚಾಪೇಕರರ ಊರು.

ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಅವರ ಮೊದಲ ಕನ್ನಡ ಚಿತ್ರ. ಕೂಲಿ ಸೈನಿಕ ಗಂಡುಗಲಿಯ ಪಾತ್ರ, ಕೈಯಲ್ಲಿ ಕತ್ತಿ. ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಅದಕ್ಕೇ ಬಂತು. ಆಮೇಲೆ 'ಸೀತಾರಾಮು', 'ಆಟೋ ರಾಜ'. ಹೊಡೆದಾಟ ನೋಡಿ ಮೆಚ್ಚಿದ ಅಭಿಮಾನಿಗಳು ಕರಾಟೆ ಕಿಂಗ್ ಅಂದರು. ಬೆಂಗಳೂರಿನ ಆಟೋಗಳ ಹಿಂದೆ ಇವತ್ತಿಗೂ ಅವರ ಚಿತ್ರ ಕಾಣುತ್ತದೆ. ನಟನೆಯ ಜೊತೆಗೇ 'ಮಿಂಚಿನ ಓಟ', 'ಆಕ್ಸಿಡೆಂಟ್' ನಿರ್ದೇಶಿಸಿದರು. ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು.

ನನಗೆ ಇವೆಲ್ಲಕ್ಕಿಂತ ದೊಡ್ಡದು 'ಮಾಲ್ಗುಡಿ ಡೇಸ್'. ತೆರೆಯ ಮೇಲೆ ಒದ್ದು, ಜಿಗಿದು ಹೆಸರು ಮಾಡಿದ ಮನುಷ್ಯ, ಕ್ಯಾಮೆರಾದ ಹಿಂದೆ ನಿಂತಾಗ ಎಷ್ಟು ನಿಧಾನ ನೋಡಿ! ಆರ್.ಕೆ. ನಾರಾಯಣರ ಕಥೆಗಳು, ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಸಂಗೀತ. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಧಾರಾವಾಹಿಯ 39 ಕಂತುಗಳನ್ನು ಶಂಕರ್ ನಿರ್ದೇಶಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಆಗುಂಬೆಯ ದೊಡ್ಡಮನೆ ಸ್ವಾಮಿಯ ಮನೆಯಾಯಿತು, ಅರಸಾಳು ಮಾಲ್ಗುಡಿ ಸ್ಟೇಷನ್ ಆಯಿತು.

ಆದರೆ ದೇಶ ನೋಡಿದ ಆ ಮಾಲ್ಗುಡಿಯ ಮಾತು ಹಿಂದಿ. ಮಲೆನಾಡಿನ ಹೆಂಚಿನ ಮನೆ, ಕನ್ನಡದ ಕಲಾವಿದರು, ಆದರೂ ಮಾತು ಮಾತ್ರ ಹಿಂದಿ. ಮೊದಮೊದಲು ನನಗೆ ಇದು ಚುಚ್ಚುತ್ತಿತ್ತು. ಈಗ ಮಗಳ ಪಕ್ಕ ಕೂತು ನೋಡುವಾಗ ಹಾಗನ್ನಿಸುವುದಿಲ್ಲ. ಮಾತು ಅವಳಿಗೆ ಗೊತ್ತು, ಮನೆ ನನಗೆ ಗೊತ್ತು. ಆ ಜಗಲಿ, ಆ ಮಳೆ ಎಲ್ಲಿಯದು ಅಂತ ಅವಳೇ ಕೇಳುತ್ತಾಳೆ, ಉತ್ತರ ಕನ್ನಡದಲ್ಲಿ ಹೇಳುತ್ತೇನೆ. ಶಂಕರ್ ಅದನ್ನು ಕನ್ನಡದಲ್ಲೇ ಮಾಡಿದ್ದರೆ ಅವಳು ಎರಡನೇ ಕಂತಿಗೆ ಎದ್ದು ಹೋಗುತ್ತಿದ್ದಳೇನೋ.

1990ರ ಸೆಪ್ಟೆಂಬರ್ 30ರಂದು, 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟಿದ್ದ ಅವರ ಕಾರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಇನ್ನೂ 35 ವರ್ಷ. ರಜೆಯಲ್ಲಿ ನಾವು ಊರಿಗೆ ಹೋಗುವ ಅದೇ ಪುಣೆ-ಬೆಂಗಳೂರು ಹೆದ್ದಾರಿ. ಜೊತೆಗಿದ್ದ ಪತ್ನಿ ಅರುಂಧತಿ, ಮಗಳು ಕಾವ್ಯ ಬದುಕುಳಿದರು. ಅರುಂಧತಿಯವರು ಚೇತರಿಸಿಕೊಂಡು ಮತ್ತೆ ರಂಗಕ್ಕೇರಿದರು, ಹಣ ಕೂಡಿಸುತ್ತಾ ವರ್ಷಗಟ್ಟಲೆ ಓಡಾಡಿದರು. 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರದ ಬಾಗಿಲು ತೆರೆಯಿತು.