ಸೋತ ತಂಡವನ್ನು ಪಂದ್ಯಾವಳಿಯ ನಡುವೆಯೇ ತಿದ್ದಿದ ಮೇಷ್ಟ್ರು: ಸೈಯದ್ ಅಬ್ದುಲ್ ರಹೀಮ್



ಈ ಬಾರಿಯ ವ್ಯಕ್ತಿ ಪರಿಚಯಕ್ಕೆ ಒಬ್ಬ ಶಾಲಾ ಮೇಷ್ಟ್ರನ್ನು ಆರಿಸಿಕೊಂಡಿದ್ದೇವೆ. ಭಾರತದ ಫುಟ್‌ಬಾಲ್ ತಂಡಕ್ಕೆ ಎರಡು ಬಾರಿ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದುಕೊಟ್ಟವರು ಇವರೇ. ಹೆಸರು ಸೈಯದ್ ಅಬ್ದುಲ್ ರಹೀಮ್. ಆಟಗಾರರ ಬಾಯಲ್ಲಿ ರಹೀಮ್ ಸಾಹೇಬರು.

ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯ ತಂಡದಲ್ಲಿ ಆಡಿ, ಅನಂತರ ಊರಿನ ಶಾಲೆಗಳಲ್ಲಿ ಅಧ್ಯಾಪಕರಾದರು. ಅಂದು ನಮ್ಮ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಅದೇ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಹಾಗಾಗಿ ತೆಲಂಗಾಣದ ಪಶ್ಚಿಮ ಭಾಗದಲ್ಲಿರುವ ನಮ್ಮ ಸದಸ್ಯರ ಹಿರಿಯರಿಗೆ ಅವರು ಒಂದೇ ರಾಜ್ಯದವರು.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಆ ಹೊಣೆಯನ್ನು ಕೊನೆಯುಸಿರಿನ ತನಕ ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯೂ ಅವರ ಹೆಗಲಿಗೆ ಬಿತ್ತು. ಆ ವರ್ಷದಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಪೊಲೀಸ್ ತಂಡದ ಪಾಲಾಯಿತು.

ಅವರು ಕಲಿಸಿದ್ದೇನು? ಚೆಂಡು ಸಿಕ್ಕೊಡನೆ ಎತ್ತಿ ಮುಂದಕ್ಕೆ ಒದೆಯುವುದು, ಇಲ್ಲವೇ ಒಬ್ಬನೇ ಕಾಲಿಗಂಟಿಸಿಕೊಂಡು ಓಡುವುದು ಅಂದಿನ ರೂಢಿ. ರಹೀಮರು ಅದನ್ನು ಬಿಡಿಸಿದರು. ಚೆಂಡು ಬಂದ ಕೂಡಲೇ ಹತ್ತಿರದ ಜೊತೆಗಾರನಿಗೆ ಕೊಡಬೇಕು, ಕೊಟ್ಟವನು ನಿಲ್ಲದೆ ಖಾಲಿ ಜಾಗಕ್ಕೆ ಓಡಬೇಕು. ಹೀಗೆ ಮಾಡಿದರೆ ಚೆಂಡು ನಮ್ಮವರ ಕಾಲಲ್ಲೇ ಉಳಿಯುತ್ತದೆ, ಎದುರಾಳಿ ಓಡಿ ಓಡಿ ದಣಿಯುತ್ತಾನೆ. ಇದು ರೂಢಿಯಾಗಲೆಂದು ಅವರು ವಿಚಿತ್ರ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಚೆಂಡನ್ನು ಹಿಡಿದಿಟ್ಟುಕೊಂಡು ಡ್ರಿಬ್ಲ್ ಮಾಡುವಂತಿಲ್ಲ. ಇನ್ನೊಂದರಲ್ಲಿ ದುರ್ಬಲ ಕಾಲಿನಿಂದ ಮಾತ್ರ ಆಡಬೇಕು. ಬಲಗಾಲಿನವನು ಎಡಗಾಲನ್ನೇ ನಂಬಬೇಕು. ಖರ್ಚಿಲ್ಲದ ಪಾಠ.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10-1ರಿಂದ ನಮ್ಮನ್ನು ಮಣ್ಣುಮುಕ್ಕಿಸಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಬಳಿಕ ಬೂಟು ಕಡ್ಡಾಯವಾಯಿತು. ರಹೀಮರೂ ಸುಮ್ಮನೆ ಕೂರಲಿಲ್ಲ. ಆಟಗಾರರನ್ನು ನಿಲ್ಲಿಸುವ ಕ್ರಮವನ್ನೇ ಬದಲಿಸಿದರು, ಮುಂಪಡೆಯ ಒಬ್ಬನನ್ನು ತುಸು ಹಿಂದಕ್ಕೆ ತಂದು ಅವನಿಂದ ಆಟ ಹೆಣೆಸಿದರು.

ಫಲ ಸಿಕ್ಕಿದ್ದು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ. ಭಾಷಾವಾರು ರಾಜ್ಯಗಳಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡ ನಮ್ಮದು. ಕೊನೆಗೆ ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ನಮ್ಮ ನಾಡಿನ ಕೆಂಪಯ್ಯನವರೂ ಇದ್ದರೆಂಬುದನ್ನು ಸದಸ್ಯರು ನೆನಪಿಡಬೇಕು.

ಆದರೆ ರಹೀಮರ ನಿಜವಾದ ಪರೀಕ್ಷೆ ನಡೆದದ್ದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ. ಅಲ್ಲಿ ಮೊದಲ ಪಂದ್ಯವೇ ಸೋಲು: ದಕ್ಷಿಣ ಕೊರಿಯಾ 2, ಭಾರತ 0. ಎರಡನೆಯ ಪಂದ್ಯದಲ್ಲಿ ಥಾಯ್ಲೆಂಡನ್ನು 4-1ರಿಂದ ಸೋಲಿಸಿದರೂ, ರಕ್ಷಣೆಯ ಬೆನ್ನೆಲುಬಾದ ಜರ್ನೈಲ್ ಸಿಂಗ್ ಅವರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಅವರಿಲ್ಲದೆಯೇ ಜಪಾನನ್ನು 2-0ರಿಂದ ಗೆದ್ದು ತಂಡ ಸೆಮಿಫೈನಲ್‌ಗೆ ಬಂತು.

ಈಗ ಜರ್ನೈಲರನ್ನು ಏನು ಮಾಡುವುದು? ಡಿಫೆನ್ಸ್‌ನಲ್ಲಿ ನಿಂತವನು ಬರುವ ಚೆಂಡನ್ನೆಲ್ಲ ತಲೆಯಿಂದ ತಡೆಯಬೇಕು. ಹೊಲಿಗೆ ಹಾಕಿದ ತಲೆಗೆ ಅದು ಆಗದ ಮಾತು. ಹೊರಗೆ ಕೂರಿಸಿದರೆ ತಂಡದ ಧೈರ್ಯವೇ ಕುಗ್ಗೀತು. ರಹೀಮರು ಅವರನ್ನು ಡಿಫೆನ್ಸ್‌ನಿಂದ ಎತ್ತಿ ಸೆಂಟರ್ ಫಾರ್ವರ್ಡ್ ಮಾಡಿದರು. ಹಿಂದಿನ ಜಾಗವನ್ನು ಅರುಣ್ ಘೋಷ್, ಚಂದ್ರಶೇಖರ್ ಮೊದಲಾದವರಿಗೆ ಒಪ್ಪಿಸಿದರು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲ್‌ನಲ್ಲಿ ಭಾರತ 3-2ರಿಂದ ಗೆದ್ದಿತು; ಒಂದು ಗೋಲು ಜರ್ನೈಲರದೇ.

ಸೆಪ್ಟೆಂಬರ್ 4ರಂದು ಫೈನಲ್. ಎದುರಿಗೆ ಮತ್ತದೇ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಪ್ರವೇಶ ಕೊಡದಿದ್ದುದನ್ನು ಭಾರತದ ಕ್ರೀಡಾಧಿಕಾರಿ ಸೋಂಧಿಯವರು ಪ್ರಶ್ನಿಸಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಕೆಂಡವಾಗಿದ್ದರು. ತುಂಬಿದ ಕ್ರೀಡಾಂಗಣವೆಲ್ಲ ಭಾರತದ ವಿರುದ್ಧವೇ ಕೂಗುತ್ತಿತ್ತು. ಅಂಥಲ್ಲಿ ರಹೀಮರು ಇನ್ನೊಂದು ಬದಲಾವಣೆ ಮಾಡಿದರು: ಜ್ವರದಿಂದ ಬಳಲಿದ್ದ ಎತ್ತರದ ಆಳು ಪೀಟರ್ ತಂಗರಾಜರನ್ನು ಗೋಲಿಗೆ ನಿಲ್ಲಿಸಿದರು. 17ನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು, 20ನೆಯ ನಿಮಿಷದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಜರ್ನೈಲ್. ಕೊರಿಯಾ ಕೊನೆಯ ನಿಮಿಷಗಳಲ್ಲಿ ಒಂದನ್ನು ತೀರಿಸಿತು, ಅಷ್ಟೇ. ಹತ್ತು ದಿನ ಕಳೆಯುವುದರೊಳಗೆ, ನಮ್ಮನ್ನು ಸೋಲಿಸಿದ್ದ ತಂಡವನ್ನೇ 2-1ರಿಂದ ಮಣಿಸಿ ಚಿನ್ನ ಗೆದ್ದಾಗಿತ್ತು.

ಆ ಸಂಭ್ರಮ ರಹೀಮರಿಗೆ ಹೆಚ್ಚು ಕಾಲ ಉಳಿಯಲಿಲ್ಲ. ಕ್ಯಾನ್ಸರ್ ಅವರನ್ನು ತಿನ್ನುತ್ತಿತ್ತು. ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, 53ರ ವಯಸ್ಸಿಗೇ ತೀರಿಕೊಂಡರು. ಜಕಾರ್ತಾದ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. ಅವರ ಬದುಕನ್ನು ಆಧರಿಸಿದ ಹಿಂದಿ ಚಿತ್ರ ‘ಮೈದಾನ್’ 2024ರಲ್ಲಿ ತೆರೆಕಂಡಿತು.

ಮೊದಲ ಪಂದ್ಯ ಸೋತಾಗ ರಹೀಮರ ಕೈಯಲ್ಲಿ ಹೊಸ ಆಟಗಾರರಿರಲಿಲ್ಲ, ಸಮಯವೂ ಇರಲಿಲ್ಲ. ಇದ್ದವರನ್ನೇ ಸರಿಯಾದ ಜಾಗದಲ್ಲಿ ನಿಲ್ಲಿಸಿ ಅವರು ಗೆದ್ದರು. ಸಂಜೆ ಹೊತ್ತು ಮಕ್ಕಳಿಗೆ ಚೆಂಡಾಟ ಕಲಿಸುವ ಸದಸ್ಯರು ನಮ್ಮಲ್ಲಿದ್ದರೆ, ಒಂದು ದಿನ ದುರ್ಬಲ ಕಾಲಿನ ಪಂದ್ಯವನ್ನು ಆಡಿಸಿ ನೋಡಬಹುದು. ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಕಲಿಯುತ್ತಾರೆ.

– ಕಾರ್ಯದರ್ಶಿ