ಡಾಕ್ಟರ್ ಜಾನ್ ಸ್ನೋ

ಸಾಂಕ್ರಾಮಿಕ ರೋಗವನ್ನು ವೈದ್ಯನೊಬ್ಬನೇ ಗೆಲ್ಲಲಾರನು. ಸರ್ಕಾರವೂ ಊರಿನ ಆಡಳಿತವೂ ಜನರೂ ಅವನೊಡನೆ ಕೈಗೂಡಿಸಬೇಕು. ಇದಕ್ಕೆ ಇಂಗ್ಲೆಂಡಿನ ಡಾಕ್ಟರ್ ಜಾನ್ ಸ್ನೋ ಎಂಬಾತನ ಜೀವನವೇ ಸಾಕ್ಷಿ.

ಸ್ನೋ 1813ರಲ್ಲಿ ಯಾರ್ಕ್ ನಗರದ ಕೂಲಿಕಾರನೊಬ್ಬನ ಹಿರಿಯ ಮಗನಾಗಿ ಜನಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ನ್ಯೂಕ್ಯಾಸಲ್ ನಗರದ ವೈದ್ಯರೊಬ್ಬರ ಬಳಿ ಶಿಷ್ಯನಾಗಿ ಸೇರಿ, ಕಲ್ಲಿದ್ದಲ ಗಣಿಯ ಕೆಲಸಗಾರರು ಕಾಲರಾಕ್ಕೆ ತುತ್ತಾದುದನ್ನು ಕಣ್ಣಾರೆ ಕಂಡನು. ಮುಂದೆ ಲಂಡನ್ನಿನಲ್ಲಿ ಅರಿವಳಿಕೆಯ ತಜ್ಞನೆಂದು ಹೆಸರಾಗಿ, 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯ ಕಾಲದಲ್ಲಿ ಕ್ಲೋರೋಫಾರಂ ಕೊಟ್ಟನು.

ಕಾಲರಾ ದುರ್ಗಂಧದ ಗಾಳಿಯಿಂದ ಬರುವುದೆಂದು ಆಗಿನ ಬಹುಮಂದಿ ವೈದ್ಯರ ನಂಬಿಕೆ. ಮಲಿನವಾದ ನೀರೇ ಕಾರಣವೆಂದು ಸ್ನೋ 1849ರಲ್ಲಿ ಬರೆದನು, ಒಪ್ಪಿದವರು ವಿರಳ. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ರೋಗವು ಭುಗಿಲೆದ್ದು, ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಮಂದಿ ಮಡಿದರು. ಸರ್ಕಾರದ ನೋಂದಣಿ ಕಚೇರಿಯಿಂದ ಸತ್ತವರ ಪಟ್ಟಿಯನ್ನು ಪಡೆದು ಸ್ನೋ ಮನೆಮನೆಗೆ ಹೋದನು. ದುಃಖದಲ್ಲಿದ್ದ ಜನರೂ ತಾವು ನೀರು ತರುತ್ತಿದ್ದುದೆಲ್ಲಿಂದ ಎಂಬುದನ್ನು ತಿಳಿಸಿದರು. ಸಾವುಗಳಲ್ಲಿ ಹೆಚ್ಚಿನವು ಒಂದೇ ಪಂಪಿನ ಆಸುಪಾಸಿನಲ್ಲಿ ಸಂಭವಿಸಿದ್ದವು. ಆ ನೀರನ್ನು ಕುಡಿಯದಿದ್ದ ಸಮೀಪದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲ.

ಸೆಪ್ಟೆಂಬರ್ 7ರಂದು ಸ್ನೋ ಸ್ಥಳೀಯ ಆಡಳಿತ ಮಂಡಲಿಯ ಮುಂದೆ ನಿಂತು ಇದನ್ನು ನಿವೇದಿಸಿದನು. ಪೂರ್ಣ ನಂಬಿಕೆಯಿಲ್ಲದಿದ್ದರೂ ಮಂಡಲಿಯವರು ಮರುದಿನವೇ ಪಂಪಿನ ಹಿಡಿಯನ್ನು ತೆಗೆಸಿದರು. ರೋಗವು ಆಗಲೇ ಇಳಿಮುಖವಾಗಿತ್ತು. ಆದರೆ ಅದು ಮರುಕಳಿಸುವ ದಾರಿಯೊಂದು ಮುಚ್ಚಿತು.

ಆ ಭಾಗದ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋವಿನ ವಾದವನ್ನು ಒಪ್ಪಲಿಲ್ಲ. ಅದನ್ನು ಸುಳ್ಳಾಗಿಸಲೆಂದೇ ಹೊರಟು, ತನಗೆ ಪರಿಚಿತವಾದ ಮನೆಗಳಲ್ಲಿ ವಿಚಾರಿಸಿದನು. ಪಂಪಿನ ಎದುರಿನ ಮನೆಯಲ್ಲಿ ಭೇದಿಯಿಂದ ಸತ್ತ ಶಿಶುವಿನ ಬಟ್ಟೆ ತೊಳೆದ ನೀರನ್ನು ಮಲಗುಂಡಿಗೆ ಸುರಿದಿದ್ದರು. ಆ ಗುಂಡಿ ಬಾವಿಗೆ ತೀರ ಸಮೀಪದಲ್ಲಿ ಸೋರುತ್ತಿತ್ತು. ವಿರೋಧಿಯೇ ಸಾಕ್ಷಿಯಾದನು.

ಆದರೂ ಸರ್ಕಾರದ ಆರೋಗ್ಯ ಮಂಡಲಿಯ ಸಮಿತಿ ಸ್ನೋವಿನ ನಿರ್ಣಯವನ್ನು ತಳ್ಳಿಹಾಕಿತು. 1858ರಲ್ಲಿ, 45ನೆಯ ವಯಸ್ಸಿನಲ್ಲಿ, ಜಯವನ್ನು ಕಾಣದೆಯೇ ಆತನು ತೀರಿಕೊಂಡನು. 1866ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ, ಹಿಂದೆ ಸಂಶಯಪಟ್ಟಿದ್ದ ನೋಂದಣಿ ಕಚೇರಿಯ ವಿಲಿಯಂ ಫಾರ್ ನೀರಿನ ಮೂಲವನ್ನೇ ಹುಡುಕಿದನು, ವೈಟ್‌ಹೆಡ್ ನೆರವಾದನು. 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯ ಕೆರೆಯೊಂದರ ನೀರಿನಲ್ಲಿ ಕಾಲರಾದ ರೋಗಾಣುವನ್ನು ಕಂಡನು.

ಸ್ನೋವಿನ ಬುದ್ಧಿ ಅಸಾಧಾರಣವೇ ಸರಿ. ಆದರೆ ಗುಮಾಸ್ತರು ಬರೆದಿಟ್ಟ ಪಟ್ಟಿ, ಮಂಡಲಿಯ ಅಪ್ಪಣೆ, ಪಾದ್ರಿಯ ಶ್ರಮ, ಜನರ ಉತ್ತರ ಇವು ಇಲ್ಲದಿದ್ದರೆ ಅದು ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ನಾಳೆ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಊರ ಪಂಚಾಯಿತಿಗಳಲ್ಲಿ ದುಡಿಯಲಿರುವ ನಾವು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.